ಇದು ದುರದೃಷ್ಟವೋ, ಅನ್ಯಾಯವೋ?

ಎಳವೆಯಲ್ಲೇ ನಿರಾಶ್ರಿತೆಯಾದ ಜುಡಿತ್ ಶ್ಕ್ಲಾರ್ ಹಾರ್ವರ್ಡ್‌ನಲ್ಲಿ ಸುಮಾರು ಮೂರೂವರೆ ದಶಕ ರಾಜಕೀಯ ಚಿಂತನೆಯ ಪಾಠ ಹೇಳಿದರು. ಅದರಲ್ಲಿ ಕೆಲವು ವರ್ಷ ಅವರದು ಅರ್ಧ ಹುದ್ದೆ. ಅಧಿಕಾರವನ್ನು ಅದರ ಪೆಟ್ಟು ತಿನ್ನುವವರ ಕಡೆಯಿಂದ ನೋಡಲು ಕಲಿಸಿದ ಈ ಚಿಂತಕಿಯ ವೃತ್ತಿಬದುಕೂ ಅವರ ಪುಸ್ತಕಗಳಷ್ಟೇ ಓದಿಸಿಕೊಳ್ಳುತ್ತದೆ.

1988ರ ಡಿಸೆಂಬರ್ 7ರಂದು ಸೋವಿಯತ್ ಒಕ್ಕೂಟದ ಆರ್ಮೇನಿಯಾದಲ್ಲಿ ಭೂಮಿ ನಡುಗಿತು. ಸ್ಪಿತಾಕ್ ಪಟ್ಟಣ ನೆಲಸಮವಾಯಿತು. ಸತ್ತವರು ಸುಮಾರು 25,000 ಮಂದಿ. ಭೂಕಂಪಕ್ಕೆ ಯಾರನ್ನು ದೂರುವುದು ಎಂದು ಸುಮ್ಮನಾಗಬಹುದಿತ್ತು. ಆದರೆ ಅವಶೇಷ ತೆಗೆಯುತ್ತ ಹೋದಂತೆ ಬೇರೊಂದು ಸಂಗತಿ ಬೆಳಕಿಗೆ ಬಂತು. ಬಹುಮಹಡಿ ವಸತಿ ಕಟ್ಟಡಗಳು, ಶಾಲೆಗಳು, ಆಸ್ಪತ್ರೆಗಳು ಆ ಪರಿ ಕುಸಿಯಲು ಕಳಪೆ ಕಾಂಕ್ರೀಟು, ಕಳಪೆ ಕಾಮಗಾರಿಯೂ ಕಾರಣವಾಗಿತ್ತು. ನೆಲ ನಡುಗಿಸಿದ್ದು ಪ್ರಕೃತಿ. ಸೂರು ಬೀಳುವಂತೆ ಮಾಡಿದ್ದು ಕಟ್ಟಿದವರು, ಕಟ್ಟಿಸಿದವರು, ಕಂಡೂ ಸಹಿ ಹಾಕಿದವರು.

ಹಾಗಾದರೆ ಆ ಸಾವುಗಳನ್ನು ದುರದೃಷ್ಟ ಎನ್ನಬೇಕೋ, ಅನ್ಯಾಯ ಎನ್ನಬೇಕೋ? ಎರಡು ವರ್ಷಗಳ ಬಳಿಕ, 1990ರಲ್ಲಿ ಬಂದ 'ದಿ ಫೇಸಸ್ ಆಫ್ ಇನ್‌ಜಸ್ಟಿಸ್' ಎಂಬ ತೆಳ್ಳನೆಯ ಪುಸ್ತಕದ ತಿರುಳು ಇದೇ ಪ್ರಶ್ನೆ. ಬರೆದವರು ಹಾರ್ವರ್ಡ್ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರದ ಪ್ರಾಧ್ಯಾಪಕಿ ಜುಡಿತ್ ಶ್ಕ್ಲಾರ್. ಸಹಿಸಿಕೊಳ್ಳಬೇಕಾದ ಸಂಕಟ ಮತ್ತು ಎದುರಿಸಬೇಕಾದ ಸಂಕಟಗಳ ನಡುವಿನ ಗೆರೆಯನ್ನು ಯಾವ ಪ್ರಕೃತಿಯೂ ಎಳೆದುಕೊಟ್ಟಿಲ್ಲ ಎಂಬುದು ಅವರ ವಾದ. ಅದನ್ನು ಎಳೆಯುವವರು ಬಹುತೇಕ ಅಧಿಕಾರ ಇರುವವರು, ಮತ್ತು ಎಳೆಯುವುದು ತಮಗೆ ಅನುಕೂಲವಾದ ಜಾಗದಲ್ಲಿ. ಆದ್ದರಿಂದ ತೀರ್ಪಿಗೆ ಮೊದಲು ಪೆಟ್ಟು ತಿಂದವರ ಮಾತು ಕೇಳಬೇಕು.

ನಮ್ಮಲ್ಲಿ ಹಾನಾ ಅರೆಂಟ್ ಹೆಸರು ಸಾಹಿತ್ಯದ ಓದುಗರಿಗೂ ಗೊತ್ತು. ಜಾನ್ ರಾಲ್ಸ್ ರಾಜ್ಯಶಾಸ್ತ್ರದ ಎಂ.ಎ. ಪಠ್ಯದಲ್ಲಿದ್ದಾರೆ. ಶ್ಕ್ಲಾರ್ ಅಷ್ಟು ಪರಿಚಿತರಲ್ಲ. ಅವರು ಚಳವಳಿ ಕಟ್ಟಲಿಲ್ಲ, ಪಂಥ ಹುಟ್ಟುಹಾಕಲಿಲ್ಲ, ಮಂತ್ರಿಗಳಿಗೆ ಸಲಹೆ ಕೊಡಲಿಲ್ಲ. ಪಾಠ ಹೇಳಿದರು, ಬರೆದರು, ವಿದ್ಯಾರ್ಥಿಗಳ ಪ್ರಬಂಧ ತಿದ್ದಿದರು. ಆದರೂ ಆ ಮೇಷ್ಟರಿಕೆಯ ಬದುಕಿನಲ್ಲೇ ಅವರ ಚಿಂತನೆಯ ಒಂದು ಕೀಲಿ ಇದೆ. ಇತರರ ಸಂಕಟದ ಬಗ್ಗೆ ಅವರು ಕಲಿಸಿದ ಪ್ರಶ್ನೆಯನ್ನು ಅವರ ವೃತ್ತಿಬದುಕಿಗೇ ಹಾಕಿ ನೋಡಿದರೆ ಏನು ಕಾಣುತ್ತದೆ?

ರೀಗಾದಿಂದ ಮಾಂಟ್ರಿಯಲ್‌ಗೆ

ಜುಡಿತ್ ನಿಸ್ಸೆ ಹುಟ್ಟಿದ್ದು 1928ರ ಸೆಪ್ಟೆಂಬರ್ 24ರಂದು, ಲಾಟ್ವಿಯಾದ ರಾಜಧಾನಿ ರೀಗಾದಲ್ಲಿ. ಜರ್ಮನ್ ಮಾತಾಡುವ, ಅನುಕೂಲಸ್ಥ ಯಹೂದಿ ಕುಟುಂಬ. ತಾಯಿ ಮಕ್ಕಳ ವೈದ್ಯೆ. ನಗರದ ಕೊಳೆಗೇರಿಯ ಮಕ್ಕಳಿಗಾಗಿ ಚಿಕಿತ್ಸಾಲಯ ನಡೆಸುತ್ತಿದ್ದರು. ಉದಾರವಾದದ ಇನ್ನೊಬ್ಬ ದೊಡ್ಡ ಚಿಂತಕ ಐಸಾಯಾ ಬರ್ಲಿನ್ ಕೂಡ ಇದೇ ಊರಿನವರು, 1909ರಲ್ಲಿ ಹುಟ್ಟಿದವರು. ಇಬ್ಬರೂ ಊರು ಬಿಟ್ಟೇ ಬದುಕಿಕೊಂಡವರು.

1939ರಲ್ಲಿ ಯುದ್ಧ ಶುರುವಾದಾಗ ಜುಡಿತ್‌ಗೆ ಹನ್ನೊಂದು ತುಂಬುವುದರಲ್ಲಿತ್ತು. ರಷ್ಯನ್ ಸೈನ್ಯ ಬರುವ ಮುನ್ನ ಸಂಬಂಧಿಯೊಬ್ಬರು ಕುಟುಂಬವನ್ನು ವಿಮಾನ ಹತ್ತಿಸಿ ಸ್ವೀಡನ್‌ಗೆ ಕಳಿಸಿದರು. ಅಲ್ಲಿ ಬೇಕಾದುದಕ್ಕಿಂತ ಹೆಚ್ಚು ದಿನ ಉಳಿದುಬಿಟ್ಟರು. 1940ರ ಏಪ್ರಿಲ್‌ನಲ್ಲಿ ಜರ್ಮನಿ ನಾರ್ವೆಯ ಮೇಲೆ ಬಿದ್ದ ಮೇಲೆ ಯುರೋಪಿನಿಂದ ಹೊರಬೀಳಲು ಅವರಿಗೆ ಉಳಿದದ್ದು ಒಂದೇ ದಾರಿ: ಸೈಬೀರಿಯಾದ ಉದ್ದಕ್ಕೂ ರೈಲು, ಅಲ್ಲಿಂದ ಜಪಾನ್, ಜಪಾನಿನಿಂದ ಹಡಗು. ಅಮೆರಿಕದ ಸಿಯಾಟಲ್‌ನಲ್ಲಿ ಇಳಿದಾಗ ಕಾನೂನುಬಾಹಿರವಾಗಿ ಬಂದ ಏಷ್ಯನ್ನರನ್ನು ಇಡುತ್ತಿದ್ದ ಬಂಧನಾಲಯದಲ್ಲಿ ಅವರನ್ನು ಕೆಲವು ವಾರ ಕೂಡಿಹಾಕಲಾಯಿತು. ಕೊನೆಗೆ ನೆಲೆ ಸಿಕ್ಕಿದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ. ಊರಿನಲ್ಲಿ ಉಳಿದಿದ್ದರೆ ಏನಾಗುತ್ತಿತ್ತು ಎಂಬುದನ್ನು ಇತಿಹಾಸ ದಾಖಲಿಸಿದೆ. 1941ರ ನವೆಂಬರ್ 30 ಮತ್ತು ಡಿಸೆಂಬರ್ 8ರಂದು ರೀಗಾದ ಹೊರವಲಯದ ರುಂಬುಲಾ ಕಾಡಿನಲ್ಲಿ ಸುಮಾರು 25,000 ಯಹೂದಿಗಳನ್ನು ಗುಂಡಿಟ್ಟು ಕೊಂದರು.

ಇದನ್ನೆಲ್ಲ ಶ್ಕ್ಲಾರ್ ಸಾರ್ವಜನಿಕವಾಗಿ ಹೇಳಿಕೊಂಡದ್ದು ಬಹಳ ತಡವಾಗಿ, 1989ರಲ್ಲಿ. ಅಮೆರಿಕದ ವಿದ್ವತ್ ಸಂಸ್ಥೆಗಳ ಒಕ್ಕೂಟ ವರ್ಷಕ್ಕೊಬ್ಬ ಹಿರಿಯ ವಿದ್ವಾಂಸರನ್ನು ಕರೆದು ತಮ್ಮ ಕಲಿಕೆಯ ಬದುಕಿನ ಬಗ್ಗೆ ಮಾತಾಡಿಸುತ್ತದೆ. ಆ ವೇದಿಕೆಯಲ್ಲಿ ಅವರು ಈ ಪಲಾಯನದ ಕಥೆಯನ್ನು ಕೆಲವೇ ಮಾತುಗಳಲ್ಲಿ ಮುಗಿಸಿದರು. ಈ ಸಾಹಸಗಳು ತನ್ನ ಸ್ವಭಾವದ ಮೇಲೆ ಬಿಟ್ಟುಹೋದದ್ದು ಕರಾಳ ಹಾಸ್ಯದ ರುಚಿ ಎಂದರು. ಆದರೆ ಪುಸ್ತಕಗಳ ನೆನಪಿಗೆ ಧಾರಾಳವಾಗಿ ಜಾಗ ಕೊಟ್ಟರು. ಶೇಕ್ಸ್‌ಪಿಯರನ ಜರ್ಮನ್ ಅನುವಾದದಲ್ಲಿ ಬಾಲಕಿ ಮೊದಲು ಓದಿದ ನಾಟಕ, ರಕ್ತಪಾತದಿಂದಲೇ ತುಂಬಿದ 'ಟೈಟಸ್ ಆಂಡ್ರೋನಿಕಸ್'. ಆ ಓದಿನ ಭಯ ಅರವತ್ತರ ವಯಸ್ಸಿನಲ್ಲೂ ಅವರಿಗೆ ಹಸಿಯಾಗಿತ್ತು.

ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಸೇರುವಾಗ ಇನ್ನೊಂದು ಬಗೆಯ ಗೇಟು ಎದುರಾಯಿತು. ಇತರರಿಗೆ 600 ಅಂಕ ಸಾಕಿದ್ದರೆ ಯಹೂದಿ ವಿದ್ಯಾರ್ಥಿಗಳು 750 ಪಡೆಯಬೇಕಿತ್ತು. ಅವರು ಪಡೆದರು. ತತ್ವಶಾಸ್ತ್ರ ಮತ್ತು ಅರ್ಥಶಾಸ್ತ್ರ ಕಲಿಯಲು ಹೋದವರಿಗೆ ಹಣಕಾಸು, ಬ್ಯಾಂಕಿಂಗ್ ಪಾಠಗಳು ಹಿಡಿಸಲಿಲ್ಲ. ಫ್ರೆಡರಿಕ್ ವಾಟ್ಕಿನ್ಸ್ ಎಂಬ ಅಧ್ಯಾಪಕರ ರಾಜಕೀಯ ಚಿಂತನೆಯ ಇತಿಹಾಸದ ತರಗತಿಯಲ್ಲಿ ಕೂತ ಮೇಲೆ ಬದುಕಿನ ದಾರಿ ಇತ್ಯರ್ಥವಾಯಿತು. ತನ್ನ ಪೀಳಿಗೆ ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ಒಂದು ವಿಧಾನ ಅಲ್ಲಿ ಅವರಿಗೆ ಸಿಕ್ಕಿತು. 1948ರಲ್ಲಿ ದಂತವೈದ್ಯ ವಿದ್ಯಾರ್ಥಿ ಜೆರಾಲ್ಡ್ ಶ್ಕ್ಲಾರ್ ಜೊತೆ ಮದುವೆ, 1949ರಲ್ಲಿ ಬಿ.ಎ., 1950ರಲ್ಲಿ ಎಂ.ಎ. ಮುಂದಿನ ಓದಿಗೆ ಹಾರ್ವರ್ಡ್‌ಗೇ ಹೋಗಬೇಕೆಂದು ಒತ್ತಾಯಿಸಿದವರು ವಾಟ್ಕಿನ್ಸ್ ಮೇಷ್ಟ್ರು.

ಯಾರೂ ತೀರ್ಮಾನಿಸದ ಒಂದು ಕಡತ

ಆಗಿನ ಹಾರ್ವರ್ಡ್ ಗಂಡಸರ ಸಂಸ್ಥೆ. ಅಲ್ಲಿ ಓದಿದ ಹೆಣ್ಣುಮಕ್ಕಳಿಗೆ ಪದವಿ ಕೊಡುತ್ತಿದ್ದದ್ದು ರ‍್ಯಾಡ್‌ಕ್ಲಿಫ್ ಎಂಬ ಜೋಡಿ ಕಾಲೇಜು. ಪಿಎಚ್.ಡಿ.ಗೂ ಅದೇ ನಿಯಮ, 1963ರವರೆಗೆ. 1949ರಲ್ಲಿ ತೆರೆದ ಲಮಾಂಟ್ ಗ್ರಂಥಾಲಯದೊಳಗೆ ಹೆಣ್ಣುಮಕ್ಕಳನ್ನು ಬಿಟ್ಟದ್ದು 1967ರಲ್ಲಿ. ಕಲೆ ಮತ್ತು ವಿಜ್ಞಾನ ವಿಭಾಗಗಳಲ್ಲಿ ಕಾಯಂ ಪ್ರಾಧ್ಯಾಪಕಿಯಾದ ಮೊದಲ ಮಹಿಳೆ, ಇತಿಹಾಸಕಾರ್ತಿ ಹೆಲೆನ್ ಕ್ಯಾಮ್, ಬಂದದ್ದು 1948ರಲ್ಲಿ. ಅದೂ ಮಹಿಳೆಗೆಂದೇ ದಾನಿಯೊಬ್ಬರು ಇಟ್ಟಿದ್ದ ಪೀಠಕ್ಕೆ. ಖಗೋಳ ವಿಜ್ಞಾನದ ಮೇರು ಪ್ರತಿಭೆ ಸಿಸಿಲಿಯಾ ಪೇನ್-ಗಪೋಷ್ಕಿನ್ ಕೂಡ ಪೂರ್ಣ ಪ್ರಾಧ್ಯಾಪಕಿಯಾಗಲು 1956ರವರೆಗೆ ಕಾಯಬೇಕಾಯಿತು.

ಅಂಥ ಜಾಗದಲ್ಲಿ ಶ್ಕ್ಲಾರ್ ಜರ್ಮನ್ ಮೂಲದ ಕಾರ್ಲ್ ಫ್ರೀಡ್ರಿಕ್ ಅವರ ಮಾರ್ಗದರ್ಶನದಲ್ಲಿ 1955ರಲ್ಲಿ ಪಿಎಚ್.ಡಿ. ಮುಗಿಸಿದರು. ಸರ್ವಾಧಿಕಾರದ ಅಧ್ಯಯನಕ್ಕೆ ಹೆಸರಾಗಿದ್ದ ಫ್ರೀಡ್ರಿಕ್ ಹೊಗಳಿಕೆಯಲ್ಲಿ ಬಲು ಜಿಪುಣ. ಈ ಶಿಷ್ಯೆಯೇ ತನ್ನ ಉತ್ತರಾಧಿಕಾರಿಯಾಗಲಿ ಎಂಬ ಆಸೆ ಗುರುವಿಗೆ ಇತ್ತೆಂದು ಶ್ಕ್ಲಾರ್‌ಗೆ ಅರಿವಾದದ್ದೇ ಕಾಲಾಂತರದಲ್ಲಿ. ಪ್ರೌಢಪ್ರಬಂಧ 1957ರಲ್ಲಿ 'ಆಫ್ಟರ್ ಯುಟೋಪಿಯಾ' ಎಂಬ ಪುಸ್ತಕವಾಯಿತು. ಲೋಕವನ್ನು ತಿದ್ದಬಹುದೆಂಬ ಜ್ಞಾನೋದಯ ಕಾಲದ ನಂಬಿಕೆ ಎರಡು ಮಹಾಯುದ್ಧಗಳ ಬಳಿಕ ಬರಿದಾಗಿದೆ, ಅದರ ಜಾಗಕ್ಕೆ ಒಂದು ಕಡೆ ರೊಮ್ಯಾಂಟಿಕ್ ಹತಾಶೆ, ಇನ್ನೊಂದು ಕಡೆ ಧಾರ್ಮಿಕ ವಿಧಿವಾದ ಬಂದು ಕೂತಿವೆ ಎಂದು ಇಪ್ಪತ್ತೊಂಬತ್ತರ ಹರೆಯದ ಲೇಖಕಿ ಲೆಕ್ಕ ಹಾಕಿದ್ದರು.

ಇಲ್ಲಿ ಅಮೆರಿಕದ ವಿಶ್ವವಿದ್ಯಾಲಯದ ಒಂದು ಪದ್ಧತಿಯನ್ನು ತಿಳಿಯಬೇಕು. ಹೊಸದಾಗಿ ಸೇರಿದ ಅಧ್ಯಾಪಕರಿಗೆ ಆರೇಳು ವರ್ಷಗಳ ಅವಧಿ. ಆಮೇಲೆ ವಿಭಾಗದ ಹಿರಿಯರು ಕೂತು ಮತ ಹಾಕುತ್ತಾರೆ. ಒಪ್ಪಿದರೆ ಕಾಯಂ ಹುದ್ದೆ. ಒಪ್ಪದಿದ್ದರೆ ಊರು ಬಿಡಬೇಕು, ಬೇರೆ ಕಡೆ ಕೆಲಸ ಹುಡುಕಬೇಕು. ಕಾಯಂ ಆದವರನ್ನು ಬರೆದದ್ದಕ್ಕಾಗಿ, ಮಾತಾಡಿದ್ದಕ್ಕಾಗಿ ಯಾರೂ ಕಿತ್ತುಹಾಕುವಂತಿಲ್ಲ. ಚಿಂತಕರಿಗೆ ಸಂಬಳಕ್ಕಿಂತ ದೊಡ್ಡ ಆಸ್ತಿ ಅದು.

ಶ್ಕ್ಲಾರ್ ಸರದಿ ಬಂದಾಗ ವಿಭಾಗ ಹೌದು ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ತೀರ್ಮಾನಕ್ಕೇ ಬರಲಿಲ್ಲ. ಮನೆಯಲ್ಲಿ ಮಕ್ಕಳಿದ್ದರು, ಒಟ್ಟು ಮೂವರನ್ನು ಅವರು ಬೆಳೆಸಿದರು. ಗಂಡನ ಕೆಲಸ ಅದೇ ಊರಿನಲ್ಲಿ. ಅವರು ನೇರ ಡೀನ್ ಬಳಿ ಹೋಗಿ ತಾವೇ ಒಂದು ವ್ಯವಸ್ಥೆ ಸೂಚಿಸಿದರು: ಅರ್ಧ ಹುದ್ದೆ, ಉಪನ್ಯಾಸಕಿ ಎಂಬ ಪದನಾಮ, ಆದರೆ ಕಾಯಂಗೆ ಸಮನಾದ ಭದ್ರತೆ. ಡೀನ್ ಒಪ್ಪಿದರು. ತನಗೆ ಬೇಕಾದದ್ದು ಅದಲ್ಲದಿದ್ದರೂ, ತನ್ನ ಬೆಲೆ ಎಷ್ಟೆಂದು ಇತರರು ಹೇಳುವ ತನಕ ಕಾಯುವುದಕ್ಕಿಂತ ಅದು ಮೇಲು ಎನಿಸಿತೆಂದು ಅವರು ಮುಂದೆ ಹೇಳಿಕೊಂಡರು.

ಅರ್ಧ ಹುದ್ದೆಯ ಆ ವರ್ಷಗಳು ಬರವಣಿಗೆಯ ಮಟ್ಟಿಗೆ ಪೂರ್ತಿ ಫಲ ಕೊಟ್ಟವು. 1964ರ 'ಲೀಗಲಿಸಂ' ವಕೀಲರ, ಕಾನೂನು ಪಂಡಿತರ ಕಣ್ಣು ಕೆಂಪಾಗಿಸಿತು. ನಿಯಮ ಪಾಲಿಸುವುದೇ ನೀತಿ, ಕಾನೂನು ರಾಜಕೀಯದಿಂದ ಬೇರೆಯಾದ ಶುದ್ಧ ಲೋಕ ಎಂಬ ನಂಬಿಕೆಯೇ ಒಂದು ರಾಜಕೀಯ ಸಿದ್ಧಾಂತ ಎಂದು ಅವರು ವಾದಿಸಿದ್ದರು. ಇದನ್ನು ಪರೀಕ್ಷಿಸಲು ಎತ್ತಿಕೊಂಡದ್ದು ಯುದ್ಧಾನಂತರದ ನ್ಯೂರೆಂಬರ್ಗ್ ಮತ್ತು ಟೋಕಿಯೊ ವಿಚಾರಣೆಗಳನ್ನು. ಎರಡೂ ರಾಜಕೀಯ ವಿಚಾರಣೆಗಳೇ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ ಎಂದರು. ನ್ಯೂರೆಂಬರ್ಗ್ ಮನುಕುಲದ ವಿರುದ್ಧದ ಅಪರಾಧಗಳನ್ನು ದಾಖಲಿಸಿತು, ಕಾನೂನಿನ ಸಂಪ್ರದಾಯವಿದ್ದ ಜರ್ಮನಿಯ ವಿದ್ಯಾವಂತರನ್ನು ತಟ್ಟಿತು. ಅದಕ್ಕಾಗಿ ಅದು ಸಮರ್ಥನೀಯ. ಟೋಕಿಯೊ ವಿಚಾರಣೆಗೆ ಆ ಸಮರ್ಥನೆ ದಕ್ಕುವುದಿಲ್ಲ. ಭಾರತದ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ ಎಲ್ಲ ಆರೋಪಿಗಳನ್ನೂ ನಿರ್ದೋಷಿಗಳೆಂದು ಸಾರಿ ಭಿನ್ನಮತದ ತೀರ್ಪು ಬರೆದದ್ದು ಇದೇ ವಿಚಾರಣೆಯಲ್ಲಿ. 1969ರಲ್ಲಿ ರೂಸೋ ಬಗ್ಗೆ 'ಮೆನ್ ಅಂಡ್ ಸಿಟಿಜನ್ಸ್' ಬಂತು. ಎರಡು ವರ್ಷಗಳ ಬಳಿಕ, 1971ರಲ್ಲಿ, ಹಾರ್ವರ್ಡ್‌ನ ರಾಜ್ಯಶಾಸ್ತ್ರ ವಿಭಾಗ ತನ್ನ ಮೊದಲ ಮಹಿಳಾ ಕಾಯಂ ಪ್ರಾಧ್ಯಾಪಕಿಯನ್ನು ಪಡೆಯಿತು. ಪಿಎಚ್.ಡಿ. ಮುಗಿಸಿ ಆಗ ಹದಿನಾರು ವರ್ಷವಾಗಿತ್ತು.

ಕ್ರೌರ್ಯಕ್ಕೆ ಮೊದಲ ಸ್ಥಾನ

ಅದೇ 1971ರಲ್ಲಿ, ಅದೇ ವಿಶ್ವವಿದ್ಯಾಲಯದ ತತ್ವಶಾಸ್ತ್ರ ವಿಭಾಗದಿಂದ ಜಾನ್ ರಾಲ್ಸ್ ಅವರ 'ಎ ಥಿಯರಿ ಆಫ್ ಜಸ್ಟಿಸ್' ಹೊರಬಂತು. ಇಬ್ಬರೂ ಸ್ನೇಹಿತರು, ಉದಾರವಾದಿಗಳು. ಆದರೆ ಹೊರಟ ದಿಕ್ಕು ಬೇರೆ. ಯಾರಿಗೂ ತನ್ನ ಸ್ಥಾನಮಾನ ಗೊತ್ತಿಲ್ಲದ ಸ್ಥಿತಿಯಲ್ಲಿ ಜನ ಕೂತು ನಿಯಮ ಮಾಡಿದರೆ ಎಂಥ ಸಮಾಜವನ್ನು ಒಪ್ಪುತ್ತಾರೆ ಎಂದು ರಾಲ್ಸ್ ಕೇಳಿದರು. ನ್ಯಾಯದ ಪರಿಪೂರ್ಣ ಚಿತ್ರ ಬರೆದು, ಅದರಿಂದ ಇಂದಿನ ಲೋಕ ಎಷ್ಟು ದೂರ ಇದೆಯೆಂದು ಅಳೆಯುವ ಹಾದಿ ಅದು. ಶ್ಕ್ಲಾರ್ ತಿರುಗಿ ಕೇಳಿದರು: ಅನ್ಯಾಯವೆಂದರೆ ನ್ಯಾಯದ ಗೈರುಹಾಜರಿ ಅಷ್ಟೆಯೇ? ಪೆಟ್ಟು ತಿಂದವರು ಅನ್ಯಾಯವನ್ನು ಗುರುತಿಸುವುದು ಯಾವುದೋ ಆದರ್ಶದ ಜೊತೆ ಹೋಲಿಸಿ ಅಲ್ಲವಲ್ಲ.

1984ರ 'ಆರ್ಡಿನರಿ ವೈಸಸ್' ಈ ಹಾದಿಯಲ್ಲಿ ಬರೆದ ಅವರ ಅತಿ ಪ್ರಸಿದ್ಧ ಪುಸ್ತಕ. ಕ್ರೌರ್ಯ, ಬೂಟಾಟಿಕೆ, ದೊಡ್ಡಸ್ತಿಕೆ, ದ್ರೋಹ, ಮನುಷ್ಯದ್ವೇಷ ಎಂಬ ಐದು ದುರ್ಗುಣಗಳು. ನಾವು ದಿನನಿತ್ಯ ಕಾಣುವಂಥವು. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ಕೆಟ್ಟದ್ದು? ಧರ್ಮಶಾಸ್ತ್ರಗಳು ದೇವರ ವಿರುದ್ಧದ ಪಾಪವನ್ನು ಮೊದಲಿಡುತ್ತವೆ. ಕ್ರಾಂತಿಕಾರಿಗಳಿಗೆ ಬೂಟಾಟಿಕೆ ಕಂಡರಾಗದು. ಹದಿನಾರನೆಯ ಶತಮಾನದ ಫ್ರೆಂಚ್ ಪ್ರಬಂಧಕಾರ ಮಾಂಟೇನ್ ಮತ್ತು ಅವನ ನಂತರದ ಮಾಂಟೆಸ್ಕ್ಯೂ ದಾರಿ ಹಿಡಿದು ಶ್ಕ್ಲಾರ್ ಕ್ರೌರ್ಯವನ್ನೇ ಮೊದಲಿಟ್ಟರು. ಹೀಗೆ ಮೊದಲಿಟ್ಟ ತಕ್ಷಣ ಉಳಿದ ಲೆಕ್ಕವೂ ಬದಲಾಗುತ್ತದೆ. ಬೂಟಾಟಿಕೆಯನ್ನು ಬೇಟೆಯಾಡಲು ಹೊರಟವರು ಎಷ್ಟು ಬೇಗ ಕ್ರೂರಿಗಳಾಗುತ್ತಾರೆ ಎಂಬುದು ಕಾಣುತ್ತದೆ. ಪ್ರಜಾಪ್ರಭುತ್ವಕ್ಕೆ ಒಂದಿಷ್ಟು ಬೂಟಾಟಿಕೆ ಸಹ್ಯ, ಚಿತ್ರಹಿಂಸೆ ಸಹ್ಯವಲ್ಲ.

1989ರ 'ಲಿಬರಲಿಸಂ ಆಫ್ ಫಿಯರ್' ಎಂಬ ಪ್ರಬಂಧದಲ್ಲಿ ಈ ವಿಚಾರಕ್ಕೆ ರಾಜಕೀಯ ರೂಪ ಬಂತು. ಉದಾರವಾದ ಜನರಿಗೆ ಒಳ್ಳೆಯ ಬದುಕು ಯಾವುದೆಂದು ಬೋಧಿಸಬೇಕಿಲ್ಲ. ಪ್ರತಿ ವಯಸ್ಕರೂ ತಮ್ಮ ಬದುಕಿನ ಆದಷ್ಟು ತೀರ್ಮಾನಗಳನ್ನು ಯಾರಿಗೂ ಅಂಜದೆ, ಯಾರ ಮರ್ಜಿಯನ್ನೂ ಕಾಯದೆ ತೆಗೆದುಕೊಳ್ಳುವ ಸ್ಥಿತಿ ಇರಬೇಕು. ಬಂದೂಕು, ಪೊಲೀಸು, ಸೆರೆಮನೆಗಳೆಲ್ಲ ಕೈಯಲ್ಲಿರುವುದರಿಂದ ಮೊದಲು ಅಂಕೆಯಲ್ಲಿಡಬೇಕಾದದ್ದು ಸರ್ಕಾರವನ್ನು. ಅಂದಮಾತ್ರಕ್ಕೆ ಇದು ಸರ್ಕಾರ ಬೇಡವೆನ್ನುವ ವಾದವಲ್ಲ. ತನ್ನೂರಿನವರೇ ಆದ ಬರ್ಲಿನ್ 1958ರಲ್ಲಿ ಹೇಳಿದ, ಯಾರೂ ಅಡ್ಡಬರದಿದ್ದರೆ ಸ್ವಾತಂತ್ರ್ಯ ಎಂಬ ಕಲ್ಪನೆಗೆ ಇದು ಹತ್ತಿರವಾದರೂ ಅದೇ ಅಲ್ಲ ಎಂದು ಶ್ಕ್ಲಾರ್ ಎಚ್ಚರಿಸಿದ್ದಾರೆ. ಸ್ವಾತಂತ್ರ್ಯವನ್ನು ಸಾಧ್ಯವಾಗಿಸುವ ವ್ಯವಸ್ಥೆಗಳನ್ನು, ಅಂದರೆ ಹಂಚಿಹೋದ ಅಧಿಕಾರ, ಸ್ವತಂತ್ರ ನ್ಯಾಯಾಲಯ, ಹೆಚ್ಚು ಅಸಮಾನತೆ ಇಲ್ಲದ ಸಮಾಜ ಇವುಗಳನ್ನು, ಸ್ವಾತಂತ್ರ್ಯದಿಂದ ಬೇರ್ಪಡಿಸಿ ಮಾತಾಡಲಾಗದು.

ಅಮೆರಿಕದ ಲೇಖಕ ಎಮರ್ಸನ್ ಮಾಡಿದ ಒಂದು ವಿಂಗಡಣೆ ಶ್ಕ್ಲಾರ್‌ಗೆ ಇಷ್ಟ: ಭರವಸೆಯ ಪಕ್ಷ ಮತ್ತು ನೆನಪಿನ ಪಕ್ಷ. ತಮ್ಮ ಉದಾರವಾದ ನೆನಪಿನ ಪಕ್ಷದ್ದು ಎಂದರು. ಏನಾಗಬಹುದು ಎಂಬ ಕನಸಿಗಿಂತ ಏನಾಗಿತ್ತು ಎಂಬ ನೆನಪು ಅದನ್ನು ನಡೆಸುತ್ತದೆ. ದಾರ್ಶನಿಕ ರಿಚರ್ಡ್ ರಾರ್ಟಿ ಉದಾರವಾದಿ ಯಾರು ಎಂಬ ವ್ಯಾಖ್ಯೆಯನ್ನು ಶ್ಕ್ಲಾರ್‌ರಿಂದಲೇ ಕಡ ತಂದರು: ನಾವು ಮಾಡುವ ಕೆಡುಕುಗಳಲ್ಲೆಲ್ಲ ಕ್ರೌರ್ಯವೇ ಅತಿ ಕೆಟ್ಟದ್ದೆಂದು ನಂಬುವವರು.

ಜಾತಿ, ಸಮ್ಮತಿ ಮತ್ತು ಮೌನ

ಶ್ಕ್ಲಾರ್ ಭಾರತದ ಪಂಡಿತೆಯಲ್ಲ. ಆದರೆ ಅವರ ಕಾಲದ ಒಂದು ದೊಡ್ಡ ಚರ್ಚೆಯೊಳಗೆ ನಮ್ಮ ಜಾತಿ ವ್ಯವಸ್ಥೆ ಬಂದು ನಿಂತಿತ್ತು. ಹಾರ್ವರ್ಡ್‌ನಲ್ಲಿ ಅವರ ಸಹೋದ್ಯೋಗಿಯಾಗಿದ್ದ ಮೈಕೆಲ್ ವಾಲ್ಝರ್ 1983ರಲ್ಲಿ 'ಸ್ಫಿಯರ್ಸ್ ಆಫ್ ಜಸ್ಟಿಸ್' ಬರೆದರು. ನ್ಯಾಯ ಎಂಬುದು ಆಯಾ ಸಮಾಜ ಹಂಚಿಕೊಂಡ ಅರ್ಥಗಳಿಗೆ ತಕ್ಕಂತೆ ಇರುತ್ತದೆ ಎಂಬುದು ಅವರ ನಿಲುವು. ಇದಕ್ಕೆ ಕಠಿಣ ಪರೀಕ್ಷೆಯಾಗಿ ಅವರೇ ಭಾರತದ ಹಳ್ಳಿಯೊಂದನ್ನು ಕಲ್ಪಿಸಿಕೊಂಡರು. ಎಲ್ಲರೂ ಜಾತಿಯ ಶ್ರೇಣಿಯನ್ನು ನಿಜಕ್ಕೂ ಒಪ್ಪಿದ್ದರೆ, ಅಲ್ಲಿನ ನ್ಯಾಯ ಅಸಮಾನತೆಯ ನೆರವಿಗೇ ಬರಬೇಕಾಗುತ್ತದೆ ಎಂದು ಒಪ್ಪಿಕೊಂಡರು.

ಒಪ್ಪಿದ್ದಾರೆಂದು ಹೇಗೆ ಗೊತ್ತು? ಈ ಬಗೆಯ ವಾದಗಳಿಗೆಲ್ಲ ಶ್ಕ್ಲಾರ್ ಕೇಳಿದ್ದು ಇಷ್ಟೆ. ಕೆಳಗಿರುವವರು ತಮ್ಮ ಸಂಕೋಲೆಯನ್ನು ಮೆಚ್ಚಿದ್ದಾರೆ ಎಂದು ಹೇಳುವ ಮುನ್ನ, ಅದರಿಂದ ಬಿಡಿಸಿಕೊಳ್ಳುವ ಒಂದು ನಿಜವಾದ, ನಡೆಯಬಲ್ಲ ದಾರಿಯನ್ನು ಅವರ ಮುಂದಿಡಬೇಕು. ಆಮೇಲೆ ಭಯವಿಲ್ಲದ ಜಾಗದಲ್ಲಿ ಅವರ ಮಾತು ಕೇಳಬೇಕು. ಅಲ್ಲಿಯವರೆಗೆ ಅವರ ಮೌನವನ್ನು ಸಮ್ಮತಿಯೆಂದು ಓದುವ ಹಕ್ಕು ಯಾರಿಗೂ ಇಲ್ಲ. ಅಂಬೇಡ್ಕರ್ ಓದಿದ ಕನ್ನಡಿಗರಿಗೆ ಈ ಮಾತು ಹೊಸದಲ್ಲ. ಹಂಚಿಕೊಂಡ ಅರ್ಥವೆಂಬುದನ್ನು ಯಾರು ಯಾರ ಮೇಲೆ ಹೇರಿದರು ಎಂದು ಕೇಳಿದವರು ಈ ನೆಲದಲ್ಲೇ ಬಹಳ ಮಂದಿ ಇದ್ದಾರೆ. ಹಾರ್ವರ್ಡ್‌ನ ಚರ್ಚೆಯಲ್ಲಿ ಆ ಧ್ವನಿಗಳಿಗೆ ಜಾಗವಿರಲಿಲ್ಲ, ಆದರೆ ಅವುಗಳಿಗಾಗಿ ಕಾಯಬೇಕೆಂಬ ಶಿಸ್ತನ್ನು ಶ್ಕ್ಲಾರ್ ಅಲ್ಲಿ ಪಟ್ಟುಹಿಡಿದು ಹೇಳಿದರು.

'ಫೇಸಸ್ ಆಫ್ ಇನ್‌ಜಸ್ಟಿಸ್' ಪುಸ್ತಕದ ಇನ್ನೊಂದು ದೊಡ್ಡ ಕೊಡುಗೆ ನಿಷ್ಕ್ರಿಯ ಅನ್ಯಾಯದ ಕಲ್ಪನೆ. ಮೂಲ ರೋಮನ್ ಚಿಂತಕ ಸಿಸಿರೊನದು. ಕೇಡು ಮಾಡುವವನು ಒಬ್ಬ. ತಡೆಯಬಹುದಾಗಿದ್ದರೂ ತಡೆಯದೆ ನಿಲ್ಲುವವರು ಹಲವರು. ಇಟಲಿಯ ಪಡುವಾದ ಚಾಪೆಲ್‌ನಲ್ಲಿ ಜೊತ್ತೊ ಬರೆದ ಅನ್ಯಾಯದ ಭಿತ್ತಿಚಿತ್ರವನ್ನು ಶ್ಕ್ಲಾರ್ ಇದಕ್ಕಾಗಿಯೇ ಎತ್ತಿಕೊಳ್ಳುತ್ತಾರೆ. ಚಿತ್ರದ ಕೆಳಭಾಗದಲ್ಲಿ ಲೂಟಿ, ಅತ್ಯಾಚಾರ, ಕೊಲೆ ನಡೆಯುತ್ತಿವೆ. ಮೇಲೆ ಕೂತ ಅಧಿಕಾರಸ್ಥ ಅತ್ತ ನೋಡುತ್ತಲೂ ಇಲ್ಲ. 1755ರ ಲಿಸ್ಬನ್ ಭೂಕಂಪವನ್ನೂ ಅವರು ಚರ್ಚಿಸುತ್ತಾರೆ. ಆ ದುರಂತದ ಬಳಿಕ ವೋಲ್ಟೇರ್ ದೇವರ ನ್ಯಾಯವನ್ನು ಪ್ರಶ್ನಿಸಿದ್ದ. ಆರೇಳು ಮಹಡಿಯ ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯೇನಲ್ಲವಲ್ಲ ಎಂದು ರೂಸೋ ಅವನಿಗೆ ನೆನಪಿಸಿದ್ದ.

ರಕ್ಷಣಾ ಸಲಕರಣೆಯಿಲ್ಲದೆ ಚರಂಡಿ, ಮಲಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು ನಮ್ಮಲ್ಲಿ 2013ರ ಕಾಯ್ದೆ ನಿಷೇಧಿಸಿದೆ. ಆದರೂ ಮ್ಯಾನ್‌ಹೋಲ್‌ಗೆ ಇಳಿದವರು ಸತ್ತಾಗ ಸುದ್ದಿಯ ತಲೆಬರಹ ದುರಂತ ಎನ್ನುತ್ತದೆ. ಇಳಿಸಿದ ಗುತ್ತಿಗೆದಾರನ ಮೇಲೆ ಕೇಸು ಬೀಳಬಹುದು. ನೋಡುತ್ತ ನಿಂತ ಕಚೇರಿಗಳು, ದೂರು ಕೊಡದ ಬೀದಿಗಳು ಯಾವ ಎಫ್‌ಐಆರ್‌ನಲ್ಲೂ ಬರುವುದಿಲ್ಲ. ಶ್ಕ್ಲಾರ್ ಬೊಟ್ಟು ಮಾಡುವುದು ಅವರ ಕಡೆಗೆ.

ಸ್ಥಾನಮಾನದ ಪ್ರಶ್ನೆ

ಪುರಸ್ಕಾರಗಳು ಬಂದದ್ದು ಕೊನೆಯ ದಶಕದಲ್ಲಿ, ಒಂದರ ಹಿಂದೊಂದರಂತೆ. 1980ರಲ್ಲಿ ಹಾರ್ವರ್ಡ್‌ನ ಹೆಸರಾಂತ ಪೀಠ, 1984ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್, ಅಮೆರಿಕದ ರಾಜ್ಯಶಾಸ್ತ್ರ ಸಂಘದ 1989-90ರ ಸಾಲಿನ ಅಧ್ಯಕ್ಷತೆ. 1903ರಲ್ಲಿ ಹುಟ್ಟಿದ ಆ ಸಂಘ ಮಹಿಳೆಯೊಬ್ಬರನ್ನು ಅಧ್ಯಕ್ಷರನ್ನಾಗಿಸಿದ್ದು ಅದೇ ಮೊದಲು.

1991ರಲ್ಲಿ ಬಂದ 'ಅಮೆರಿಕನ್ ಸಿಟಿಜನ್‌ಶಿಪ್' ಅವರು ಬದುಕಿದ್ದಾಗ ಪ್ರಕಟವಾದ ಕೊನೆಯ ಪುಸ್ತಕ. ಮತ ಹಾಕಲು ಹೋಗದ ಜನ ಮತದ ಹಕ್ಕಿಗಾಗಿ ಮಾತ್ರ ಪ್ರಾಣ ಒತ್ತೆಯಿಟ್ಟು ಹೋರಾಡಿದ್ದೇಕೆ? ಅಮೆರಿಕದಲ್ಲಿ ಕಪ್ಪು ಗಂಡಸರಿಗೆ ಕಾಗದದ ಮೇಲೆ ಮತದ ಹಕ್ಕು ಬಂದದ್ದು 1870ರಲ್ಲಿ, ಮಹಿಳೆಯರಿಗೆ 1920ರಲ್ಲಿ. ಶ್ಕ್ಲಾರ್ ಕೊಡುವ ಉತ್ತರ ಗುಲಾಮಗಿರಿಯ ಇತಿಹಾಸದಲ್ಲಿದೆ. ಕಣ್ಣೆದುರೇ ಗುಲಾಮರಿದ್ದ ನಾಡಿನಲ್ಲಿ ಪ್ರಜೆ ಎಂದರೆ ಗುಲಾಮನಲ್ಲದವನು. ಮತ ಮತ್ತು ಸ್ವಂತ ದುಡಿಮೆಯ ಸಂಪಾದನೆ ಇವೆರಡೂ ಆ ಸ್ಥಾನಮಾನದ ಗುರುತುಗಳು. ಅವು ಇಲ್ಲದಿರುವುದು ಬರಿಯ ನಷ್ಟವಲ್ಲ, ಅವಮಾನ. ಹಾಗಾಗಿ ನಿರುದ್ಯೋಗವನ್ನೂ ಅವರು ಪೌರತ್ವದ ಪ್ರಶ್ನೆಯೆಂದೇ ಕಂಡರು.

ಕೊನೆಯ ವರ್ಷ ಪದವಿ ವಿದ್ಯಾರ್ಥಿಗಳಿಗೆ ಅವರು ಹೇಳಿದ ಪಾಠ ರಾಜಕೀಯ ಬಾಧ್ಯತೆಯ ಬಗ್ಗೆ. ದೇಶ ನಮ್ಮನ್ನು ಹೊರಗಟ್ಟಿದರೆ ಅಥವಾ ಒಳಗಿಟ್ಟುಕೊಂಡೇ ಪರಕೀಯರನ್ನಾಗಿಸಿದರೆ, ಆ ದೇಶದ ಕಾನೂನಿಗೆ ನಾವು ಏನು ಬಾಕಿ ಇದ್ದೇವೆ? ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ತನ್ನದೇ ನೆಲದ ಸುಮಾರು 1,20,000 ಜಪಾನಿ ಮೂಲದವರನ್ನು ಶಿಬಿರಗಳಿಗೆ ದಬ್ಬಿದ್ದು ಈ ಚರ್ಚೆಯಲ್ಲಿ ಅವರ ಒಂದು ಮುಖ್ಯ ಉದಾಹರಣೆ. ಹಾಗೆ ದಬ್ಬಿಸಿಕೊಂಡವರಲ್ಲಿ ಸಿಯಾಟಲ್‌ನವರೂ ಸಾವಿರಾರು. ಅದಕ್ಕೆ ಸ್ವಲ್ಪ ಕಾಲ ಮೊದಲಷ್ಟೇ ಅದೇ ಊರಿನ ಬಂಧನಾಲಯದಲ್ಲಿ ಬಾಲೆ ಜುಡಿತ್ ಕೂತಿದ್ದಳು. ಈ ವಿಷಯದ ಬಗ್ಗೆ ಅವರು ಬರೆಯಹೊರಟಿದ್ದ ಪುಸ್ತಕ ಪೂರ್ತಿಯಾಗಲಿಲ್ಲ. 1992ರ ಸೆಪ್ಟೆಂಬರ್ 17ರಂದು ಹೃದಯಾಘಾತದಿಂದ ತೀರಿಕೊಂಡರು; ಅರವತ್ತನಾಲ್ಕು ತುಂಬಲು ಒಂದು ವಾರ ಬಾಕಿಯಿತ್ತು. ಆ ತರಗತಿಯ ಉಪನ್ಯಾಸಗಳು 2019ರಲ್ಲಿ ಪುಸ್ತಕವಾಗಿ ಬಂದವು. ಶಿಷ್ಯೆ ನ್ಯಾನ್ಸಿ ರೋಸೆನ್‌ಬ್ಲಮ್ ಮುಂದೆ ಅದೇ ವಿಭಾಗದ ಮುಖ್ಯಸ್ಥೆಯಾದರು. ಇನ್ನೊಬ್ಬ ಶಿಷ್ಯ ರೋಜರ್ಸ್ ಸ್ಮಿತ್ ಅಮೆರಿಕದ ಪೌರತ್ವದ ಇತಿಹಾಸವನ್ನು ಮತ್ತಷ್ಟು ಆಳಕ್ಕೆ ಅಗೆದರು.

ಆಕ್ಷೇಪಗಳೂ ಇವೆ. ಭಯ, ಕ್ರೌರ್ಯಗಳನ್ನು ತಡೆಯುವುದಷ್ಟೇ ರಾಜಕೀಯವಾದರೆ ಕಾಪಾಡಬೇಕಾದ ಒಳ್ಳೆಯದು ಯಾವುದೆಂದು ಯಾರು ಹೇಳುತ್ತಾರೆ ಎಂದು ವಾಲ್ಝರ್ ಕೇಳಿದರು. ಗೋಡೆ ಕಟ್ಟಿದರಾಯಿತೇ, ಗೋಡೆಯೊಳಗೆ ಏನಿದೆ? ಭಯವನ್ನು ಬುನಾದಿಯಾಗಿಸಿದ ರಾಜಕೀಯ ಕೊನೆಗೆ ಭಯವನ್ನೇ ಬೆಳೆಸೀತು ಎಂಬ ಆತಂಕವನ್ನು ರಾಜಕೀಯ ಚಿಂತಕ ಕೋರಿ ರಾಬಿನ್‌ರಂಥವರು ಮುಂದಿಟ್ಟರು. ಈ ಮಾತುಗಳಲ್ಲಿ ಹುರುಳಿದೆ. ಕನಸಿಲ್ಲದ ರಾಜಕೀಯ ಯಾರನ್ನೂ ಬೀದಿಗಿಳಿಸುವುದಿಲ್ಲ. ಆದರೆ ಕನಸು ಹೊತ್ತವರು ಯಾರನ್ನು ತುಳಿದು ನಡೆದರು ಎಂದು ನೆನಪಿಸುವ ಕೆಲಸವನ್ನೂ ಯಾರಾದರೂ ಮಾಡಬೇಕು. ಶ್ಕ್ಲಾರ್ ಅದನ್ನು ಆರಿಸಿಕೊಂಡರು.

ಅವರದೇ ಪ್ರಶ್ನೆ, ಅವರದೇ ಬದುಕಿಗೆ

ಈಗ ಮೊದಲ ಪ್ರಶ್ನೆಗೆ ಬರೋಣ. ಪಿಎಚ್.ಡಿ.ಯಿಂದ ಕಾಯಂ ಹುದ್ದೆಯವರೆಗಿನ ಹದಿನಾರು ವರ್ಷಗಳ ಆ ವಿಳಂಬ ದುರದೃಷ್ಟವೋ, ಅನ್ಯಾಯವೋ?

ಶ್ಕ್ಲಾರ್ ಸ್ವತಃ ಅದನ್ನು ದೂರಾಗಿ ಹೇಳಿಕೊಳ್ಳಲಿಲ್ಲ. ತಾನು ಸ್ತ್ರೀವಾದಿ ಎಂದು ಕರೆದುಕೊಳ್ಳಲೂ ಹಿಂಜರಿದರು. ಯಾವುದೇ ಚಳವಳಿಗೆ ಸೇರಿ ಅದರ ಸಾಮೂಹಿಕ ನಂಬಿಕೆಗೆ ತಲೆಬಾಗುವುದು ಬೌದ್ಧಿಕ ಬದುಕಿಗೆ ಬಗೆವ ದ್ರೋಹ ಎಂದು ಅವರಿಗೆ ಅನಿಸುತ್ತಿತ್ತು. ಅಂದಮೇಲೆ ನಾವು ಅವರ ಪರವಾಗಿ ಅನ್ಯಾಯ ಅನ್ಯಾಯ ಎಂದು ಕೂಗುವುದು ಅವರ ಮಾತನ್ನು ಕಡೆಗಣಿಸಿದಂತೆ ಆಗುವುದಿಲ್ಲವೇ? ಪೆಟ್ಟು ತಿಂದವರ ಮಾತನ್ನು ಮೊದಲು ಕೇಳಿ ಎಂದವರು ಅವರೇ.

ಮೊದಲು ಕೇಳಿ ಎಂದರು, ಅಲ್ಲಿಗೇ ನಿಲ್ಲಿಸಿ ಎನ್ನಲಿಲ್ಲ. ಪೆಟ್ಟು ತಿಂದವರು ತಪ್ಪಾಗಿ ತಿಳಿದಿರಬಹುದು, ಅಭಿಮಾನದಿಂದ ಸುಮ್ಮನಿರಬಹುದು, ತಮ್ಮ ಬದುಕಿಗೆ ತಾವೇ ಒಡೆಯರೆಂದು ನಂಬಲು ತಮ್ಮನ್ನೇ ದೂರಿಕೊಳ್ಳಬಹುದು ಎಂಬುದನ್ನೂ ಅವರ ಪುಸ್ತಕವೇ ವಿವರಿಸುತ್ತದೆ. ಅವರ ವಿಭಾಗದಲ್ಲಿ ಯಾರೂ ಅವರನ್ನು ಅಟ್ಟಲಿಲ್ಲ. ಯಾರೂ ಕ್ರೂರವಾಗಿ ನಡೆದುಕೊಂಡಿರಲಿಕ್ಕಿಲ್ಲ. ತೀರ್ಮಾನಿಸಲಿಲ್ಲ ಅಷ್ಟೆ. ತೀರ್ಮಾನಿಸುವ ಅಧಿಕಾರವೂ ಹೊಣೆಯೂ ಇದ್ದವರು ಹಾಗೆ ಕೂತಾಗ ಅದಕ್ಕೆ ಏನೆನ್ನಬೇಕೆಂದು ಅವರೇ ಬರೆದಿಟ್ಟಿದ್ದಾರೆ: ನಿಷ್ಕ್ರಿಯ ಅನ್ಯಾಯ. ಇನ್ನು ಡೀನ್ ಒಪ್ಪಿದ್ದು, ಗಂಡನಿಗೆ ಅದೇ ಊರಿನಲ್ಲಿ ಕೆಲಸ ಇದ್ದದ್ದು, ಸಂಸಾರ ನಡೆಯುವಷ್ಟು ಅನುಕೂಲ ಇದ್ದದ್ದು ಅದೃಷ್ಟ. ಒಂದೇ ಕಡತದೊಳಗೆ ಎರಡೂ ಇದ್ದವು.

ಇದು ದೂರದ ವಿಶ್ವವಿದ್ಯಾಲಯದ ಹಳೆಯ ಕಥೆಯಾಗಿಯೇ ಉಳಿಯಬೇಕಿಲ್ಲ. ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ಪ್ರತಿವರ್ಷ ನೇಮಕದ ಆದೇಶಕ್ಕಾಗಿ ಕಾಯುತ್ತಾರೆ. ಅವರಲ್ಲಿ ಹಲವರಿಗೆ ಪಿಎಚ್.ಡಿ. ಇದೆ, ದಶಕ ದಾಟಿದ ಅನುಭವ ಇದೆ. ಸೇವಾ ಭದ್ರತೆಗಾಗಿ ಮತ್ತೆ ಮತ್ತೆ ಧರಣಿ ಕೂತಿದ್ದಾರೆ. ಶ್ಕ್ಲಾರ್‌ಗೆ ಅರ್ಧ ಹುದ್ದೆಯ ಜೊತೆ ಸಿಕ್ಕಿದ ಭದ್ರತೆ ಇವರಿಗೆ ಇಡೀ ದಿನ ದುಡಿದರೂ ಸಿಕ್ಕಿಲ್ಲ. ಅದಕ್ಕೆ ಬಜೆಟ್ಟಿನ ಕೊರತೆ, ನಿಯಮದ ತೊಡಕು, ಹಣೆಬರಹ ಎಂದು ಕಾರಣ ಕೊಡಬಹುದು. ಇವುಗಳಲ್ಲಿ ಎಷ್ಟು ತಪ್ಪಿಸಲಾಗದ್ದು, ಎಷ್ಟು ಯಾರೂ ತೀರ್ಮಾನಿಸದೆ ಬಿಟ್ಟದ್ದು ಎಂದು ಬಿಡಿಸಿ ನೋಡುವುದೇ ಶ್ಕ್ಲಾರ್ ಕಲಿಸಿದ ಓದು. ಆ ಲೆಕ್ಕ ಕಾಯುತ್ತಿರುವವರಿಂದ ಶುರುವಾಗಬೇಕು. ಕಾಯಿಸುತ್ತಿರುವವರ ವಿವರಣೆಯ ಸರದಿ ಆಮೇಲೆ.